ಸಭಾಂಗಣದ ಆಡಳಿತ ಮಂಡಳಿಗೊಂದು ಅಭಿನಂದನಾ ಪತ್ರ

ಮಾನ್ಯ ಅಧ್ಯಕ್ಷರೇ, ಸದಸ್ಯರೇ,

ಶ್ರವಣ ಸಾಧನ ಹಾಕಿಕೊಳ್ಳುವ ನಮ್ಮಂಥವರ ಮೇಲೆ ತಮಗಿರುವ ಕಾಳಜಿಗೆ ವಂದನೆಗಳು. ಹಿಂದಿನಿಂದ ಯಾರಾದರೂ "ಕೇಳಿಸ್ತಿಲ್ಲ" ಅಂದರೆ ಸಾಕು, ಮೈಕ್‌ಸೆಟ್ ಹುಡುಗ ವಾಲ್ಯೂಮ್ ಏರಿಸುತ್ತಾನೆ. ಭಾಷಣದ ಜೊತೆ ಗೋಡೆಯ ಪ್ರತಿಧ್ವನಿಯೂ ಏರುತ್ತದೆ. ಫ್ಯಾನಿನ ಗೊರಗೊರ, ಪಕ್ಕದವರ ಮೊಬೈಲು ಎಲ್ಲವನ್ನೂ ನಮ್ಮ ಸಾಧನ ಒಟ್ಟಿಗೇ ಕಿವಿಗೆ ಸುರಿಯುತ್ತದೆ. ಇಷ್ಟು ಕಟ್ಟುನಿಟ್ಟಾದ ಸಮಪಾಲು ಬೇರೆಲ್ಲೂ ಕಂಡಿಲ್ಲ.

ಇದಕ್ಕೆ ಲೂಪ್ ಎಂಬ ಪರಿಹಾರವೊಂದಿದೆ. ಹೊಸತೆಂದು ತಾವು ಹಿಂಜರಿದಿರೇನೋ. ಜೋಸೆಫ್ ಪೋಲಿಯಕಾಫ್ ಬ್ರಿಟನ್ನಿನಲ್ಲಿ ಅದಕ್ಕೆ ಪೇಟೆಂಟ್ ಪಡೆದದ್ದು 1937ರಲ್ಲಿ. ಆಸನಗಳ ಸುತ್ತ ತಾಮ್ರದ ತಂತಿ ಎಳೆದು, ಮೈಕಿನ ಧ್ವನಿಯನ್ನು ಆಂಪ್ಲಿಫೈಯರ್ ಮೂಲಕ ಅದರಲ್ಲಿ ಹರಿಸಿದರೆ ಕಾಂತಕ್ಷೇತ್ರ ಹುಟ್ಟುತ್ತದೆ. ಅನೇಕ ಶ್ರವಣ ಸಾಧನಗಳೊಳಗೆ ಟೆಲಿಕಾಯಿಲ್ ಎಂಬ ಪುಟ್ಟ ಸುರುಳಿಯಿದ್ದು, ಅದು ಈ ಕ್ಷೇತ್ರವನ್ನು ಹಿಡಿದು ಮತ್ತೆ ಮಾತಾಗಿಸುತ್ತದೆ. ಸಾಧನವನ್ನು 'ಟಿ'ಗೆ ಬದಲಿಸಿದರೆ ಭಾಷಣ ನೇರ ಕಿವಿಗೆ. ಫ್ಯಾನು, ಮೊಬೈಲು ಹೊರಗೆ. ಐದಾರು ಜನ ಕೂರುವ ಲಂಡನ್ನಿನ ಕಪ್ಪು ಟ್ಯಾಕ್ಸಿಯಲ್ಲೂ ಲೂಪ್ ಇರುತ್ತದೆ. ರಾಜ್ಯೋತ್ಸವಕ್ಕೆ ಇಡೀ ಕಟ್ಟಡದ ಸುತ್ತ ಸೀರಿಯಲ್ ಸೆಟ್ ಎಳೆಸುವ ತಮಗೆ ಒಳಗೊಂದು ತಂತಿ ಎಳೆಸುವುದು ಮಾತ್ರ ದುಸ್ತರ!

ಈಗ ಧ್ವನಿಯನ್ನು ನೇರವಾಗಿ ಸಾಧನಗಳಿಗೆ ಪ್ರಸಾರ ಮಾಡುವ, ಬ್ಲೂಟೂತಿನವರ ಆರಾಕಾಸ್ಟ್ ಬಂದಿದೆ. ಅದಕ್ಕೆ ತಂತಿಯೂ ಬೇಡ. "ಅದು ಎಲ್ಲ ಕಡೆ ಬರಲಿ, ಆಮೇಲೆ ನೋಡೋಣ" ಎಂದು ಕಡತ ಮುಚ್ಚಲು ತಮಗೆ ಒಳ್ಳೆಯ ಅವಕಾಶ. ಹಳೆಯ ಸಾಧನಗಳಿಗೆ ಅದು ದಕ್ಕುವುದಿಲ್ಲ ಎನ್ನುವುದು ಸಣ್ಣ ವಿಷಯ, ಬಿಡಿ.

ಕಾನೂನನ್ನು ನೆನಪಿಸುವುದು ಅಧಿಕಪ್ರಸಂಗವಾದೀತು. ಆದರೂ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಈಗಿರುವ ಸಾರ್ವಜನಿಕ ಕಟ್ಟಡಗಳನ್ನು ಸುಗಮಗೊಳಿಸಲು, ನಿಯಮಗಳು ಬಂದಂದಿನಿಂದ ಐದು ವರ್ಷ ಕೊಟ್ಟಿತ್ತು. ನಿಯಮಗಳು ಬಂದದ್ದು 2017ರಲ್ಲಿ, ಗಡುವು ಮುಗಿದದ್ದು 2022ರಲ್ಲಿ. ಸುಗಮತೆಯ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಿತು. ತಾವು ರ‍್ಯಾಂಪ್ ಕಟ್ಟಿಸಿದಿರಿ, ಟೇಪು ಕತ್ತರಿಸಿದಿರಿ, ಫೋಟೊ ಪತ್ರಿಕೆಯಲ್ಲೂ ಬಂತು. ಒಳಗೆ ಬಂದವರಿಗೆ ಏನಾದರೂ ಕೇಳಿಸಬೇಕೆ ಎಂಬುದು ಬಹುಶಃ ಮುಂದಿನ ಸಭೆಯ ವಿಷಯ.

ಒಂದೇ ವಿನಂತಿ. ಮೊದಲಿಗೆ ಟಿಕೆಟ್ ಕೌಂಟರಿಗೆ, ಆಮೇಲೆ ಕೆಲವು ಸಾಲುಗಳಿಗಾದರೂ ಲೂಪ್ ಹಾಕಿಸಿ. ಹಾಕಿಸಿದ ಮೇಲೆ ಕಿವಿಯ ಚಿತ್ರದ ಜೊತೆ 'ಟಿ' ಇರುವ ಫಲಕವನ್ನು ಬಾಗಿಲಲ್ಲೇ ತೂಗಿಸಿ. ಇಲ್ಲದಿದ್ದರೆ ಲೂಪ್ ಇರುವುದೇ ಯಾರಿಗೂ ಗೊತ್ತಾಗದು. ಸಲಹೆ ಬೇಕಾದರೆ ಅಧ್ಯಯನ ಪ್ರವಾಸಕ್ಕೆಂದು ಲಂಡನ್ನಿಗೆ ಹೋಗಬೇಕಿಲ್ಲ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲೇ ಇದೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಕಾಯಂ ಪ್ರೇಕ್ಷಕ