ವೈದ್ಯರ ಅಪ್ಪಣೆಯ ವಿಹಾರ

ವಿಷಮಶೀತ ಜ್ವರವು ನನ್ನನ್ನು ಬಿಟ್ಟುಹೋಗುವಾಗ ದೇಹದ ಪುಷ್ಟಿಯನ್ನೂ ನಾಲಗೆಯ ರುಚಿಯನ್ನೂ ಸಂಗಡ ಕೊಂಡೊಯ್ದು, ಕಾಲುಗಳನ್ನು ಮಾತ್ರ, ಪ್ರಯೋಜನಕ್ಕೆ ಬಾರವೆಂದೋ ಏನೋ, ನನಗೇ ಉಳಿಸಿದ್ದುದರಿಂದ, ಅವುಗಳಿಗೆ ಪೂರ್ವಾಭ್ಯಾಸದ ಸ್ಮರಣೆ ತರಿಸಲೋಸುಗ ನಾನು ಪ್ರಾತಃಕಾಲದಲ್ಲಿ ಲಾಲ್‌ಬಾಗಿನೊಳಗೆ ಮಂದಗತಿಯಿಂದ ಸಂಚರಿಸತಕ್ಕದ್ದೆಂದು ವೈದ್ಯರು ಅಪ್ಪಣೆ ಕೊಡಿಸಿದರು. ಮಂದಗತಿಯ ವಿಷಯದಲ್ಲಿ ನಾನು ಅವರ ನಿರೀಕ್ಷೆಯನ್ನೂ ಮೀರಿದೆನು.

1760ರಲ್ಲಿ ತೋಟವನ್ನು ಆರಂಭಿಸಿದ ಹೈದರಾಲಿಯ ಉದ್ದೇಶವೇನಿದ್ದರೂ, ಈಗ ಅದು ಬೆಳಗಿನ ಹೊತ್ತು ಬಿಟ್ಟಿ ಚಿಕಿತ್ಸಾಲಯವೇ ಸರಿ. 1889ರ ಗಾಜಿನ ಮನೆಯ ಬಳಿ, ಮಂಕಿ ಟೋಪಿ ಧರಿಸಿ ಬೆಂಚಿನ ಮೇಲೆ ವಿರಾಜಮಾನರಾಗಿದ್ದ ನಿವೃತ್ತ ಮಹನೀಯರೊಬ್ಬರು, ಪರಿಚಯದ ಗೊಡವೆಯಿಲ್ಲದೆ, “ಏನು ಸ್ವಾಮಿ, ಇಷ್ಟೊಂದು ಇಳಿದುಹೋಗಿದ್ದೀರಿ! ಅಮೃತಬಳ್ಳಿ ಕಷಾಯ ಕುಡಿದಿರೋ?” ಎಂದರು.

ನಾನು ಬಾಯ್ತೆರೆಯುವುದರೊಳಗೆ ಪಕ್ಕದವರು, “ಕಷಾಯ ಉಷ್ಣ ರಾಯರೆ, ಎಳನೀರು ಕುಡಿಯಲಿ” ಎಂದರು.

“ಎಳನೀರು ಶೀತವಲ್ಲವೆ?”

“ನಿಮಗೆ ಶೀತ!”

ವಾದವು ವಾತಪಿತ್ತಗಳನ್ನು ದಾಟಿ ಪರಸ್ಪರರ ಪಿಂಚಣಿಯವರೆಗೆ ಮುಟ್ಟಿದಾಗ, ಮೂಲರೋಗಿಯನ್ನು ಯಾರೂ ನೆನೆಯದಿದ್ದ ಆ ಸುಸಂಧಿಯಲ್ಲಿ ನಾನು ಮೆಲ್ಲನೆ ಜಾರಿ, ಕೆಂಪೇಗೌಡರ ಗೋಪುರವನ್ನು ಹೊತ್ತಿರುವ ಬಂಡೆಯ ಬುಡದಲ್ಲಿ ಏದುಸಿರಿನೊಡನೆ ಕುಳಿತೆನು. ಸುಮಾರು 300 ಕೋಟಿ ವರ್ಷಗಳ ಆ ಶಿಲೆಯು ಇಷ್ಟು ದೀರ್ಘಾಯುಷ್ಯವನ್ನು ಸಂಪಾದಿಸಿರುವುದು ಒಂದು ಹೆಜ್ಜೆಯನ್ನೂ ನಡೆಯದೆಯೇ ಅಲ್ಲವೆ?

ಈ ತರ್ಕವನ್ನು ವೈದ್ಯರ ಮುಂದೆ ಸವಿನಯವಾಗಿ ಮಂಡಿಸಿದೆನು. ಬಂಡೆಗೆ ವಿಷಮಶೀತ ಜ್ವರ ಬಂದಿರಲಿಲ್ಲವೆಂದು ಹೇಳಿ, ಅವರು ಇನ್ನೊಂದು ಸುತ್ತನ್ನು ಹೆಚ್ಚಿಸಿದರು.