ಗೊತ್ತೈತೇನು ಕಾಕಾ

ಬಾಗಲಕೋಟೆ ಸೀಮೆಯಲ್ಲಿ ಚಹಾದಂಗಡಿ ಇದ್ದಲ್ಲೆಲ್ಲ ಒಬ್ಬ ಗೊತ್ತೈತೇನು ಕಾಕಾ ಇರುತ್ತಾರೆ. ವಯಸ್ಸು ಅರವತ್ತರ ಆಚೀಚೆ. ಹೆಚ್ಚಿನವರು ನಿವೃತ್ತ ಸಾಲಿ ಮಾಸ್ತರರು. ಅಂಚೆ, ಕಂದಾಯ ಇಲಾಖೆಯಿಂದ ಬಂದವರೂ ಇದ್ದಾರೆ. ಕಿಸೆಯಲ್ಲಿ ಎರಡು ಪೆನ್ನು, ಕೈಯಲ್ಲಿ ನಾಲ್ಕು ಮಡಿಕೆಯ ಪೇಪರು. ಏನೇ ಹೇಳುವುದಿದ್ದರೂ ‘ಗೊತ್ತೈತೇನ್ರಿ?’ ಎಂದೇ ಶುರು ಮಾಡುವುದರಿಂದ ಈ ಹೆಸರು. ಪ್ರಶ್ನೆಗೆ ಉತ್ತರ ಬೇಕಾಗಿರುವುದಿಲ್ಲ. ‘ಗೊತ್ತಿಲ್ರಿ’ ಎಂದವನಿಗೆ ಪೂರ್ತಿ ಹೇಳುತ್ತಾರೆ. ‘ಗೊತ್ತೈತ್ರಿ’ ಎಂದವನಿಗೆ ಅದರ ಹಿಂದಿನದನ್ನೂ ಸೇರಿಸಿ ಹೇಳುತ್ತಾರೆ.

ಕಾಕಾ ಅವರ ದಿನ ಮುಂಜಾನೆ ಐದೂವರೆಗೆ ವಾಟ್ಸಾಪಿನಲ್ಲಿ ಆರಂಭವಾಗುತ್ತದೆ. ಭಾಷೆಯದ್ದೊಂದು, ಇತಿಹಾಸದ್ದೊಂದು, ಸಾಮಾನ್ಯ ಜ್ಞಾನದ್ದೊಂದು, ಹೀಗೆ ದಿನಕ್ಕೆ ಮೂರು ಸಂಗತಿ. ಎಂಟು ಗಂಟೆಗೆ ಚಹಾದಂಗಡಿಯಲ್ಲಿ ಅವೇ ಮೂರರ ಬಾಯಿಪಾಠ. ಹೆಬ್ಬೆರಳಿನ ಚಿತ್ರ ಒತ್ತಿ ಓದದೇ ಬಿಟ್ಟವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಬೇರೆ ಜಿಲ್ಲೆಯ ಇಂಥವರು ಕ್ಯಾಲೆಂಡರಿನ ಹಿಂಬದಿಯನ್ನೂ ಕ್ವಿಜ್ ಪುಸ್ತಕವನ್ನೂ ನಂಬಿ ಬದುಕಬೇಕು. ಇಲ್ಲಿನವರಿಗೆ ಸರಕು ಬಂಡೆಯ ಮೇಲೇ ಬಿದ್ದಿದೆ. ಬಾದಾಮಿಯ ಕೋಟೆಬಂಡೆಯಲ್ಲಿ ಒಂದನೇ ಪುಲಕೇಶಿ ಕೊರೆಸಿದ್ದು 543ರಲ್ಲಿ. ಮೂರನೇ ಗುಹೆಯಲ್ಲಿ ಮಂಗಳೇಶನ ಶಾಸನ 578ರದು. ಕಪ್ಪೆ ಅರಭಟ್ಟನ ಶಾಸನದಲ್ಲಿ ಕನ್ನಡದ ಬಲು ಹಳೆಯ ತ್ರಿಪದಿಗಳಿವೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಕಟ್ಟಿಸಿದಾಕೆ ಎರಡನೇ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ. ಅಂಗಡಿಯಲ್ಲಿ ಹೆಣ್ಣುಮಕ್ಕಳು ಕೂತಿದ್ದರೆ ಇದಕ್ಕೆ ಮೊದಲ ಸರದಿ.

ಸರಕಿಗಿಂತ ಅದನ್ನು ಹೊರತೆಗೆಯುವ ಕಲೆಯೇ ದೊಡ್ಡದು. ಅದನ್ನು ತಿಳಿಯಲು ಇಳಕಲ್ಲಿನ ಮಗ್ಗ ನೋಡಬೇಕು. ಅಲ್ಲಿ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈ ಹತ್ತಿಯದಿದ್ದರೂ ಸೆರಗು ರೇಷ್ಮೆಯದೇ. ಎರಡೂ ಹಾಸಿನ ಎಳೆಗಳನ್ನು ಒಂದರೊಳಗೊಂದು ಕುಣಿಕೆ ಹಾಕಿ ಕೂಡಿಸುತ್ತಾರೆ. ಇದಕ್ಕೆ ಕೊಂಡಿ ಎನ್ನುತ್ತಾರೆ. ಈ ಕೊಂಡಿಯ ಸಲುವಾಗಿ ಒಂದೊಂದು ಸೀರೆಗೂ ಹೊಸದಾಗಿ ಹಾಸು ಹೂಡಬೇಕು. ಕಾಕಾ ಅವರದೂ ಕೊಂಡಿ ಕೆಲಸವೇ. ಮೈ ನಿಮ್ಮದು, ಸೆರಗು ಅವರದು. ಬಸ್ಸು ತಡವಾಯಿತು ಎಂದರೆ ಚೀನಾದಿಂದ ಇಮ್ಮಡಿ ಪುಲಕೇಶಿಯ ನಾಡಿನವರೆಗೆ ಬಂದ ಹ್ಯೂಯೆನ್ ತ್ಸಾಂಗ್ ಬರುತ್ತಾನೆ. ಹೊಟ್ಟೆ ಯಾಕೋ ಭಾರ ಎಂದರೆ ಅಗಸ್ತ್ಯರು ವಾತಾಪಿಯನ್ನು ಅರಗಿಸಿಕೊಂಡ ಕಥೆ. ಉಳ್ಳಾಗಡ್ಡಿ ದುಬಾರಿ ಎಂದರೆ, ದಕ್ಷಿಣ ಭಾರತವನ್ನೆಲ್ಲ ಸುತ್ತಿ ಕಡಲಾಚೆಗೂ ವ್ಯಾಪಾರ ನಡೆಸಿದ ಅಯ್ಯಾವೊಳೆಯ ಐನೂರ್ವರ ಸಂಘ. ‘ಕಾಕಾ, ಕಿಲೋಕ್ಕ ಎಷ್ಟು ಅಂತ ಕೇಳಿದ್ದು. ನಡುವ ಐನೂರು ಮಂದಿ ಯಾಕ ಬಂದ್ರು?’ ಎಂದು ಅಂಗಡಿಯವನು ಕೇಳಿದರೆ, ಕೇಳಿದನಲ್ಲ ಎಂದು ಖುಷಿಪಟ್ಟು ಮತ್ತೊಂದು ಕೊಂಡಿ ಹಾಕುತ್ತಾರೆ.

ಈ ಕುಲದ ಮೂಲಪುರುಷ ಹುನಗುಂದ ತಾಲೂಕಿನವನೇ ಎನ್ನಲು ಅಡ್ಡಿಯಿಲ್ಲ. ಐಹೊಳೆಯ ಗುಡ್ಡದ ಮೇಲೆ ಮೇಗುಟಿ ಜಿನಾಲಯ ಕಟ್ಟಿಸಿದ ರವಿಕೀರ್ತಿ, ಗುಡಿ ಕಟ್ಟಿಸಿ ಸುಮ್ಮನಾಗಲಿಲ್ಲ. ಗೋಡೆಯ ಮೇಲೆ 37 ಸಂಸ್ಕೃತ ಶ್ಲೋಕ ಕೊರೆಸಿದ. ದೊರೆ ಇಮ್ಮಡಿ ಪುಲಕೇಶಿಯ ದಂಡಯಾತ್ರೆಗಳು, ಸೋತ ಹರ್ಷನ ಹೆಸರಿನ ಮೇಲೊಂದು ಶ್ಲೇಷೆ, ಇಷ್ಟು ಸಾಲದೆ ಇಸವಿಯನ್ನು ಎರಡೆರಡು ಲೆಕ್ಕದಲ್ಲಿ ಕೊಟ್ಟ: ಭಾರತ ಯುದ್ಧ ಕಳೆದು 3,735 ವರ್ಷ, ಶಕ ವರ್ಷ 556. ಅಂದರೆ ಕ್ರಿ.ಶ. 634-35. ಕಡೆಗೆ, ಕವಿತೆಯಲ್ಲಿ ತಾನು ಕಾಳಿದಾಸ, ಭಾರವಿಯರ ಕೀರ್ತಿ ಪಡೆದವನೆಂದೂ ಸೇರಿಸಿದ. ಯಾರೂ ಕೇಳಿರಲಿಲ್ಲ. ಆದರೆ ಆ ಒಂದು ಜಂಬದ ಮಾತಿನಿಂದಲೇ ಕಾಳಿದಾಸನೂ ಭಾರವಿಯೂ ಅಷ್ಟರೊಳಗೆ ಹೆಸರಾಗಿದ್ದರು ಎಂಬುದು ವಿದ್ವಾಂಸರಿಗೆ ಗಟ್ಟಿಯಾಯಿತು. ಕೇಳದೇ ಹೇಳಿದ್ದು ಕೆಲಸಕ್ಕೆ ಬಂದ ಉದಾಹರಣೆ ಇದೊಂದಾದರೂ ಇದೆ, ಮತ್ತು ಇದು ಕಾಕಾ ಅವರಿಗೆ ಚೆನ್ನಾಗಿ ಗೊತ್ತಿದೆ.

ಇಸವಿಯಲ್ಲಿ ಅವರು ತಪ್ಪುವುದು ಕಡಿಮೆ. ತಪ್ಪುವುದು ಊರ ಹೆಸರು ಬಿಡಿಸುವಾಗ. ಪರಶುರಾಮ ನೆತ್ತರ ಕೊಡಲಿಯನ್ನು ಮಲಪ್ರಭೆಯಲ್ಲಿ ತೊಳೆದನಂತೆ, ನೀರು ಕೆಂಪಾದದ್ದು ಕಂಡ ಹೆಂಗಸರು ‘ಅಯ್ಯೋ ಹೊಳೆ’ ಅಂದರಂತೆ, ಅದೇ ಐಹೊಳೆ ಆಯಿತಂತೆ. ಶಾಸನದಲ್ಲಿರುವುದು ಅಯ್ಯಾವೊಳೆ, ಆರ್ಯಪುರ ಎಂಬ ಹೆಸರುಗಳೆಂದು ಕಾಕಾ ಬಲ್ಲರು. ಆದರೂ ಬೆಂಗಳೂರಿನ ಪ್ರವಾಸಿಗಳು ಸಿಕ್ಕರೆ ಕೊಡಲಿಯೇ ಹೊರಬೀಳುತ್ತದೆ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಮೊದಮೊದಲು ಅವರ ಸುತ್ತ ಕೂಡುತ್ತಾರೆ, ವಾರದೊಳಗೆ ಚದುರುತ್ತಾರೆ. ಹುಡುಗರಿಗೆ ನಾಲ್ಕು ಆಯ್ಕೆ, ಒಂದು ಉತ್ತರ ಸಾಕು. ಕಾಕಾ ಒಂದು ಉತ್ತರಕ್ಕೆ ಮೂರು ‘ಆದರ’ ಕೊಡುತ್ತಾರೆ.

ಮನೆಯ ಸಂಗತಿಗಳಿಗೆ ಅವರ ತಲೆಯಲ್ಲಿ ಬೇರೆ ಕಪಾಟಿಲ್ಲ. ಮದುವೆ ಆದದ್ದು ಪಟ್ಟದಕಲ್ಲು ವಿಶ್ವ ಪರಂಪರೆಯ ಪಟ್ಟಿ ಸೇರಿದ ವರ್ಷ, 1987. ಸಣ್ಣ ಮಗಳು ಹುಟ್ಟಿದ್ದು ವಿಜಾಪುರದಿಂದ ಜಿಲ್ಲೆ ಒಡೆದ ವರ್ಷ, 1997. ತಾರೀಖು ಕೇಳಿದರೆ ಮನೆಯಾಕೆಯ ಮುಖ ನೋಡುತ್ತಾರೆ. ‘ಅದನ್ನೂ ಕಲ್ಲಾಗ ಕೆತ್ತಿಸಬೇಕಿತ್ತು’ ಎನ್ನುತ್ತಾಳೆ ಆಕೆ.

ಒಂದು ವಿಷಯ ಬಂದಾಗ ಮಾತ್ರ ಚಹಾದಂಗಡಿಯಿಂದ ಯಾರೂ ಎದ್ದು ಹೋಗುವುದಿಲ್ಲ. ಆಲಮಟ್ಟಿಯ ಹಿನ್ನೀರು ಹಳೇ ಬಾಗಲಕೋಟೆಯ ಓಣಿಗಳನ್ನು ನುಂಗಿ, ಮಂದಿ ನವನಗರದ ಸೆಕ್ಟರುಗಳಿಗೆ ಬಂದರಷ್ಟೆ. ಯಾವ ಓಣಿಯಲ್ಲಿ ಯಾರ ಕಟ್ಟೆ, ಯಾವ ಮೂಲೆಯಲ್ಲಿ ಯಾವ ಬೇವಿನ ಗಿಡ ಎಂದು ಕಾಕಾ ಹೇಳುವಾಗ ‘ಗೊತ್ತೈತೇನ್ರಿ’ ಇರುವುದಿಲ್ಲ. ಕೇಳುವವರೇ ನಡುನಡುವೆ ತಿದ್ದುತ್ತಾರೆ, ಅವರು ತಿದ್ದಿಸಿಕೊಳ್ಳುತ್ತಾರೆ.

ಈ ಅಭ್ಯಾಸ ಬಿಡಿಸುವ ಪ್ರಯತ್ನಗಳೂ ನಡೆದಿವೆ. ಇಳಕಲ್ಲಿನ ಮಹಾಂತ ಸ್ವಾಮಿಗಳು ಮನೆ ಮನೆಗೆ ಜೋಳಿಗೆ ಹಿಡಿದು ಹೋಗಿ ಕುಡಿತ, ತಂಬಾಕಿನ ಚಟಗಳನ್ನು ಭಿಕ್ಷೆ ಬೇಡಿದವರು. ಅದನ್ನು ನೆನೆಸಿ, ‘ಕಾಕಾ, ನಿಮ್ಮದೂ ಒಂದು ಚಟಾನ. ಜೋಳಿಗ್ಯಾಗ ಹಾಕಿಬಿಡ್ರಿ’ ಎಂದು ಹೇಳಿ ನೋಡಿದವರಿದ್ದಾರೆ. ಕಾಕಾ ಚಹಾದ ಕಪ್ಪು ಕೆಳಗಿಟ್ಟು, ಕನ್ನಡಕ ಸರಿಮಾಡಿಕೊಂಡು ಅವರತ್ತ ತಿರುಗಿದರು:

‘ಮಹಾಂತ ಜೋಳಿಗಿ ಶುರು ಆಗಿದ್ದು 1975ರಾಗ. ಗೊತ್ತೈತೇನ್ರಿ?’