ಮಕ್ಕಳ ಮಾರಿ ನೋಡಿ ಸುಮ್ನಿರವ್ವಾ!

ನಮ್ಮ ಕಮಲಾಪುರದ ಕೆಂಪು ಬಾಳೆಗೆ ಜಿಐ ಮುದ್ರೆ ಬಿದ್ದಿದೆ. ಬುದ್ಧಿಮಾತಿಗೂ ಅಂಥ ಮುದ್ರೆ ಒತ್ತುವುದಿದ್ದರೆ ಅದೂ ನಮ್ಮ ಭಾಗಕ್ಕೇ ಸಲ್ಲಬೇಕು. ಗಂಡ ಕುಡಿದು ಬಂದು ಬಡಿದ ಮರುದಿನ ನ್ಯಾಯ ಮಾಡಲು ಬರುವ ಹಿರೇರು, ಸೊಸೆಯ ಬಾತ ಕಣ್ಣೊಂದನ್ನು ಬಿಟ್ಟು ಉಳಿದಿದ್ದೆಲ್ಲ ನೋಡಿ, ಹೇಳುವ ಮಾತು ಒಂದೇ: “ಮಕ್ಕಳ ಮಾರಿ ನೋಡಿ ಸುಮ್ನಿರವ್ವಾ.”

ಸೋಜಿಗವೆಂದರೆ, ಮಕ್ಕಳ ಮಾರಿಯನ್ನು ಯಾರೂ ನೋಡಿರುವುದಿಲ್ಲ. ದೊಡ್ಡವಳು ತಮ್ಮನ ಕಿವಿ ಮುಚ್ಚಿಕೊಂಡು ಜೋಳದ ಚೀಲದ ಹಿಂದೆ ಕೂತಿರುತ್ತಾಳೆ. ಅವಳ ಮಾರಿ ನೋಡಬೇಕಾದರೆ ಬಗ್ಗಬೇಕು. ಹಿರೇರಿಗೆ ಮೊಣಕಾಲು ನೋವು.

ಪ್ರಶ್ನೆಗಳೆಲ್ಲ ತಾಯಿಗೆ. “ರೊಟ್ಟಿ ತಡ ಆಗಿತ್ತೇನು? ಎದುರು ಮಾತಾಡಿದ್ಯೇನು?” ಅವಳು ಉಳಿದರೆ, “ಇಂಥ ಮನ್ಯಾಗ ಮಕ್ಕಳನ್ನ ಯಾಕ ಇಟಗೊಂಡಿ?” ಹೊರಟರೆ, “ಮಕ್ಕಳನ್ನ ಅಪ್ಪನಿಂದ ಯಾಕ ಅಗಲಿಸ್ದಿ?” ಗಂಡನಿಗೂ ಒಂದು ಪ್ರಶ್ನೆ ಉಂಟು: “ಚಾ ಕುಡೀತಿಯೇನಪ್ಪಾ?”

2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಗೆ ಈ ರೀತಿ ರಿವಾಜು ಗೊತ್ತಿಲ್ಲ. ಅದರ ಪ್ರಕಾರ ಅರ್ಜಿ ಹಾಕಿದ ಮೂರು ದಿನದೊಳಗೆ ಮೊದಲ ವಿಚಾರಣೆ ಆಗಬೇಕು. ಮ್ಯಾಜಿಸ್ಟ್ರೇಟರು ಗಂಡನನ್ನೇ ಮನೆಯಿಂದ ಹೊರಗೆ ಹಾಕಬಹುದು, ಮಕ್ಕಳ ಶಾಲೆಗೆ ಅವನು ಕಾಲಿಡದಂತೆ ತಡೆಯಬಹುದು, 21ನೇ ಕಲಮಿನಡಿ ಮಕ್ಕಳನ್ನು ತಾತ್ಕಾಲಿಕವಾಗಿ ತಾಯಿಗೇ ಒಪ್ಪಿಸಬಹುದು. ಆದರೆ ನಮ್ಮಲ್ಲಿ ಗಂಟು ಕಟ್ಟಿಕೊಂಡು ಹೊರಡುವವಳು ಅವಳೇ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಕಲಬುರಗಿಯವರೆಗೆ ಬಸ್ಸೂ ಪುಕ್ಕಟೆ. ಅವಳು ಓಡಿಹೋಗಲು ಯೋಜನೆ ಇದೆ. ಅವನನ್ನು ಓಡಿಸುವ ಯೋಜನೆಗೆ ಯಾರೂ ಇನ್ನೂ ಹೆಸರಿಟ್ಟಿಲ್ಲ.

ಕಾಯ್ದೆ ಜಾರಿಗೆ ಸಂರಕ್ಷಣಾಧಿಕಾರಿ ಇದ್ದಾರಲ್ಲ ಎನ್ನುತ್ತೀರಿ. ನಮ್ಮ ರಾಜ್ಯದ ತಾಲ್ಲೂಕುಗಳಲ್ಲಿ ಆ ಕೆಲಸವೂ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಹೆಗಲಿಗೇ. ಅಂಗನವಾಡಿಯ ಮೊಟ್ಟೆ ಲೆಕ್ಕ, ಗೃಹಲಕ್ಷ್ಮಿಯ 2,000 ರೂಪಾಯಿ ವಿಚಾರಣೆ ಮುಗಿದ ಮೇಲೆ ಬಾಸುಂಡೆಗಳ ವರದಿ ಬರೆಯಬೇಕು. 2019-20ರ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರ ಪೈಕಿ ಶೇ. 44ರಷ್ಟು ಮಂದಿ ಗಂಡನ ಹಿಂಸೆ ಕಂಡವರು. ಮೊಟ್ಟೆ ಎಣಿಸುವುದೇ ಸಲೀಸು ಬಿಡಿ.

ಅಷ್ಟರಲ್ಲಿ ಮಕ್ಕಳನ್ನು ಕಾಯುತ್ತಿರುವವರು ಯಾರು? ಗಾಡಿಯ ಸದ್ದಿನಲ್ಲೇ ಅವನು ಎಷ್ಟು ಕುಡಿದಿದ್ದಾನೆಂದು ಅಳೆದು, ಮಕ್ಕಳನ್ನು ಪಕ್ಕದ ಮನೆಗೆ ಕಳಿಸಿ, ಏಟಿಗೆ ತಾನು ಅಡ್ಡ ನಿಲ್ಲುವ ಅದೇ ಹೆಂಗಸು. ಇದನ್ನು ಮಕ್ಕಳ ರಕ್ಷಣೆ ಎಂದು ಯಾವ ಕಾಗದದಲ್ಲೂ ಬರೆಯುವುದಿಲ್ಲ. ‘ತಾಯಿಯ ನಿರ್ಲಕ್ಷ್ಯ’ ಎಂದು ಬರೆಯಲು ಮಾತ್ರ ಪೆನ್ನು ಸದಾ ತಯಾರು. ಅವಳ ಬೆನ್ನಿಗೆ ನಿಂತರೆ ಮಕ್ಕಳ ಬೆನ್ನೂ ಉಳಿಯುತ್ತದೆ ಎಂಬ ಸಣ್ಣ ಲೆಕ್ಕ ದೊಡ್ಡವರಿಗೆ ಹತ್ತುವುದಿಲ್ಲ.

ಹಾಗಾಗಿ ಒಂದು ತಿದ್ದುಪಡಿ. ಇನ್ನು ಮೇಲೆ ಬುದ್ಧಿಮಾತು ಅವನಿಗೆ ಹೇಳಿ: “ಮಕ್ಕಳ ಮಾರಿ ನೋಡಿ ಕೈ ಎತ್ತಬ್ಯಾಡೋ.” ಕೇಳದಿದ್ದರೆ ಅವಳಿಗಾಗಿ 181, ಮಕ್ಕಳಿಗಾಗಿ 1098 ಒತ್ತಿ. ಕೋರ್ಟಿನ ರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ. ಹೊಂದಿಕೊಂಡು ಹೋಗುವುದನ್ನು ಅವನೂ ಅಲ್ಲೇ ಕಲಿಯುತ್ತಾನೆ. ಅಲ್ಲಿ ರೊಟ್ಟಿ ತಡವಾದರೂ ಯಾರನ್ನೂ ಬಡಿಯುವುದಿಲ್ಲ.